ಜಿಪಿಎಸ್ ಕೊಂಡರೆ ಸಾಲದು: ತದಡಿಯ ಬೋಟಿನ ಹುಡುಗರಿಗೆ ಕಿವಿಮಾತು

ಮಳೆಗಾಲದ ರಜೆ ಮುಗಿದು ಆಗಸ್ಟ್ 1 ಹತ್ತಿರ ಬಂತೆಂದರೆ ಬಲೆ, ಐಸು, ಡೀಸೆಲ್ ಎಲ್ಲ ನಿಮಗೆ ನೆನಪಾಗುತ್ತದೆ. ಕ್ಯಾಬಿನ್ನಿನ ಜಿಪಿಎಸ್ ಮಾತ್ರ ನೆನಪಾಗುವುದಿಲ್ಲ. ದುಡ್ಡು ಕೊಟ್ಟು ತಂದದ್ದು, ತನ್ನಷ್ಟಕ್ಕೆ ನಡೆಯುತ್ತದೆ ಅಂದುಕೊಳ್ಳುತ್ತೀರಿ. ನಿಮ್ಮ ಮನಸ್ಸು ಒಳ್ಳೆಯದೇ ತಮ್ಮಂದಿರೇ, ಮರೆವು ಜಾಸ್ತಿ ಅಷ್ಟೆ. ಬೋಟಿನ ಮನೆಯಲ್ಲಿ ಲೆಕ್ಕ ಬರೆದು ಬರೆದು ಮುದುಕಿಯಾದವಳು ನಾನು. ಡೀಸೆಲ್ ಎಲ್ಲಿ ಪೋಲಾಯಿತು, ಬಲೆ ಯಾಕೆ ಹರಿಯಿತು ಅಂತ ಪುಸ್ತಕ ನೋಡಿದರೇ ಗೊತ್ತಾಗುತ್ತದೆ. ಅದಕ್ಕೇ ಹೇಳುತ್ತೇನೆ, ಕೇಳಿ.

• ಬೋಟು ಧಕ್ಕೆಯಲ್ಲಿರುವಾಗಲೇ ಜಿಪಿಎಸ್ ಆನ್ ಮಾಡಿ. ಎರಡು ತಿಂಗಳು ಮಲಗಿದ್ದ ಯಂತ್ರಕ್ಕೆ ಉಪಗ್ರಹಗಳ ಪೂರ್ತಿ ಪಟ್ಟಿ ಇಳಿಸಿಕೊಳ್ಳಲು 12.5 ನಿಮಿಷ ಬೇಕು. ನಿಮ್ಮ ಚಹಾ ಮುಗಿಯುವಷ್ಟರಲ್ಲಿ ಅದೂ ತಯಾರಾಗಿರುತ್ತದೆ.

• ಆಂಟೆನಾದ ಮೇಲೆ ತಾಡಪಾಲು ಹೊದೆಸಬೇಡಿ, ಒದ್ದೆ ಬಲೆ ಒಣಹಾಕಬೇಡಿ. ಜಾಗ ಸರಿಯಾಗಿ ಹೇಳಲು ಅದಕ್ಕೆ ಕನಿಷ್ಠ 4 ಉಪಗ್ರಹ ಸಿಗಬೇಕು. ಆಕಾಶವನ್ನೇ ಮುಚ್ಚಿಟ್ಟು ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ.

• ಮೇ ತಿಂಗಳ ಟ್ರ್ಯಾಕ್ ನಂಬಿ ಆಗಸ್ಟಿನಲ್ಲಿ ಅಳಿವೆ ದಾಟಬೇಡಿ. ಅಘನಾಶಿನಿ ನದಿಗೆ ಅಣೆಕಟ್ಟಿಲ್ಲ. ಘಟ್ಟದ ಮಳೆನೀರೆಲ್ಲ ಇಲ್ಲಿಗೇ ಇಳಿದು ಮರಳಿನ ದಿಬ್ಬ ಜಾಗ ಬದಲಿಸಿರುತ್ತದೆ. ಮೊದಲ ಸಲ ಭರತ ನೋಡಿಕೊಂಡು, ಬೋಟು ನಡೆಸುವ ಅನುಭವಸ್ಥ ತಾಂಡೇಲರ ಹಿಂದೆ ನಿಧಾನವಾಗಿ ಹೋಗಿ. ಆ ದಾರಿಯನ್ನು ಸೇವ್ ಮಾಡಿ, ಹಳೆಯದನ್ನು ಅಳಿಸಿ.

• ಪಾಯಿಂಟ್ ಸೇವ್ ಮಾಡಿದ ಕೂಡಲೇ ಹೆಸರು ಕೊಡಿ. ಯಂತ್ರದ ಪಾಡಿಗೆ ಬಿಟ್ಟರೆ 001, 002 ಎಂದು ಹಾಕಿಕೊಂಡು ಹೋಗುತ್ತದೆ. ತಿಂಗಳು ಕಳೆದ ಮೇಲೆ ಬಂಗಡೆ ಸಿಕ್ಕಿದ್ದು ಯಾವುದರಲ್ಲಿ, ಬಲೆ ಹರಿದ ಕಲ್ಲು ಯಾವುದು ಎಂದು ತಲೆ ಕೆರೆದುಕೊಳ್ಳುತ್ತೀರಿ. ಮೀನಿಗೆ ಒಂದು ಗುರುತು, ಕಲ್ಲಿಗೆ ಇನ್ನೊಂದು ಇಡಿ.

• ಬಲೆ ಕಲ್ಲಿಗೆ ಸಿಕ್ಕಿದರೆ ಬಯ್ಯುವ ಮೊದಲು ಗುಂಡಿ ಒತ್ತಿ. ಬೈಗುಳ ಆಮೇಲೂ ಬರುತ್ತದೆ, ಬೋಟು ಅಲ್ಲೇ ನಿಂತಿರುವುದಿಲ್ಲ. ಯಂತ್ರ ತೋರಿಸುವುದು ಬೋಟಿನ ಜಾಗ, ಕಲ್ಲು ಇರುವುದು ಹಿಂದೆ ಬಲೆಯ ಹತ್ತಿರ. ಹಾಗಾಗಿ ಯಾವ ದಿಕ್ಕಿಗೆ ಎಳೆಯುತ್ತಿದ್ದಿರಿ, ಎಷ್ಟು ಮಾರು ಹಗ್ಗ ಬಿಟ್ಟಿದ್ದಿರಿ ಎಂದೂ ಬರೆದುಕೊಳ್ಳಿ.

• ಬೇರೆ ಬೋಟಿನವರಿಂದ ಪಾಯಿಂಟ್ ತೆಗೆದುಕೊಳ್ಳುವಾಗ ಕೊನೆಯ ಅಂಕಿ ನಿಮಿಷದ ಭಾಗವೋ, ಸೆಕೆಂಡೋ ಎಂದು ಕೇಳಿ. 14 ಡಿಗ್ರಿ 30.5 ನಿಮಿಷ ಎಂದರೆ 30 ನಿಮಿಷ 30 ಸೆಕೆಂಡು. ಅದನ್ನು 50 ಸೆಕೆಂಡು ಎಂದು ಬರೆದುಕೊಂಡರೆ 600 ಮೀಟರಿಗೂ ಹೆಚ್ಚು ಆಚೆ ಹೋಗಿ ಬಲೆ ಬಿಡುತ್ತೀರಿ. ಆಮೇಲೆ ಪಾಯಿಂಟ್ ಕೊಟ್ಟವನನ್ನು ಸುಳ್ಳ ಎನ್ನುತ್ತೀರಿ.

• ವಾಪಸು ಬಂದ ಮೇಲೆ ಟ್ರ್ಯಾಕ್ ತೆಗೆದು ನೋಡಿ, ರೇಸ್ ಕಾರಿನವರ ಹಾಗೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ, ಕೊಯಮತ್ತೂರಿನ ಕರಿ ಎಂಬ ರೇಸ್ ಟ್ರ್ಯಾಕುಗಳಲ್ಲಿ ಹವ್ಯಾಸಕ್ಕೆ ರೇಸ್ ಕಾರು ಓಡಿಸುವವರಿದ್ದಾರೆ. ಜಾಗವನ್ನು ಸೆಕೆಂಡಿಗೆ 10 ಸಲವೋ ಹೆಚ್ಚೋ ಬರೆದಿಡುವ ಸಣ್ಣ ಜಿಪಿಎಸ್ ಪೆಟ್ಟಿಗೆ ಅಂಥ ಕಾರುಗಳಿಗೂ ಬಂದಿದೆ. ಇಳಿದ ಮೇಲೆ ಎರಡು ಸುತ್ತು ಒಂದರ ಮೇಲೊಂದು ಇಟ್ಟು, ಯಾವ ತಿರುವಿನಲ್ಲಿ ಹೊತ್ತು ಹೋಯಿತು ಎಂದು ಹುಡುಕುತ್ತಾರೆ. ನೀವೂ ಎರಡು ದಿನದ ಟ್ರ್ಯಾಕ್ ಹಾಗೆ ನೋಡಿ. ಸುಮ್ಮನೆ ಸುತ್ತಿದ್ದು ಕಣ್ಣಿಗೆ ಬೀಳುತ್ತದೆ, ಅದೆಲ್ಲ ಡೀಸೆಲ್ಲಿನ ದುಡ್ಡು.

• ಆದರೆ ರೇಸ್ ಕಾರಿನವರಷ್ಟು ಬೇಗ ಬೇಗ ಜಾಗ ಬರೆಸಬೇಡಿ. ಗಂಟೆಗೆ 100 ಕಿ.ಮೀ. ಓಡುವ ಕಾರು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ, 8 ನಾಟ್‌ನ ನಿಮ್ಮ ಬೋಟು ಹೋಗುವುದು ನಾಲ್ಕೇ ಮೀಟರ್. ಅರ್ಧ ನಿಮಿಷಕ್ಕೊಮ್ಮೆ ಬರೆಸಿದರೆ ಸಾಕು. ಮೆಮೊರಿ ತುಂಬಿದರೆ ಹೆಚ್ಚಿನ ಯಂತ್ರಗಳು ಹಳೆಯ ಟ್ರ್ಯಾಕ್ ಅಳಿಸುತ್ತವೆ, ನಿಮ್ಮನ್ನು ಕೇಳುವುದೂ ಇಲ್ಲ.

• ಇಂಜಿನ್ ಎಷ್ಟು ಸುತ್ತಿಗೆ ಎಷ್ಟು ನಾಟ್ ಕೊಡುತ್ತದೆ ಎಂದು ಬೋಟು ಹೊಸದಾಗಿ ಇಳಿದಾಗಲೇ ಬರೆದಿಡಿ. ಜಿಪಿಎಸ್ ತೋರಿಸುವ ವೇಗದಲ್ಲಿ ಕಡಲಿನ ಸೆಳೆತವೂ ಸೇರಿರುತ್ತದೆ, ಹಾಗಾಗಿ ಹೋಗುವಾಗ ಬರುವಾಗ ಎರಡೂ ಸಲ ನೋಡಿ. ಎರಡೂ ಕಡೆ ಕಡಿಮೆಯಾದರೆ ತಳಕ್ಕೆ ಚಿಪ್ಪು ಹಿಡಿದಿದೆಯೋ, ಫ್ಯಾನಿಗೆ ಬಲೆ ಸುತ್ತಿದೆಯೋ ನೋಡಿಸಿ.

• ಹೈದರಾಬಾದಿನ ಕಡಲ ಮಾಹಿತಿ ಕೇಂದ್ರವಾದ ಇನ್‌ಕಾಯಿಸ್‌ನವರು ಮೀನು ಸಿಗಬಹುದಾದ ಜಾಗ ತಿಳಿಸಿದರೆ ದೂರ, ಆಳ ಎರಡೂ ಓದಿ. ಪುಕ್ಕಟೆ ಮಾಹಿತಿ ಎಂದು ಓಡಿದರೆ ಡೀಸೆಲ್ ಪುಕ್ಕಟೆ ಬರುವುದಿಲ್ಲ. ಹೋಗಿ ಬಂದ ಮೇಲೆ ಮೀನು ಸಿಕ್ಕಿತೋ ಇಲ್ಲವೋ ಎಂದು ಪಕ್ಕದಲ್ಲೇ ಬರೆಯಿರಿ.

• ಯಾರಾದರೂ ನೀರಿಗೆ ಬಿದ್ದರೆ ಆ ಜಾಗ ಗುರುತು ಹಾಕುವ ಎಂಓಬಿ ಗುಂಡಿ ಎಲ್ಲಿದೆ ಎಂದು ಅಡುಗೆಯ ಹುಡುಗನಿಗೂ ತೋರಿಸಿಡಿ. 8 ನಾಟ್‌ನಲ್ಲಿ ಒಂದು ನಿಮಿಷಕ್ಕೆ ಬೋಟು ಸುಮಾರು 250 ಮೀಟರ್ ಮುಂದೆ ಹೋಗಿರುತ್ತದೆ, ಅಲೆಯ ನಡುವೆ ತಲೆ ಕಾಣುವುದಿಲ್ಲ.

• ವಿಎಚ್‌ಎಫ್ ರೇಡಿಯೋ ಪಕ್ಕದಲ್ಲಿ ಒಂದು ರಟ್ಟು ಅಂಟಿಸಿ. ಅದರಲ್ಲಿ ಚಾನೆಲ್ 16, ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093 ಎಂದು ದಪ್ಪಗೆ ಬರೆಯಿರಿ. ಅಕ್ಷಾಂಶ ರೇಖಾಂಶ ಓದಿ ಹೇಳುವುದು ಎಲ್ಲರಿಗೂ ಬರಲಿ. ಗಾಬರಿಯಲ್ಲಿ ತಾಂಡೇಲರಿಗೂ ಬಾಯಿ ಒಣಗುತ್ತದೆ.

• ಹೊರಡುವ ಮೊದಲು ಯಾವ ಪಾಯಿಂಟಿಗೆ ಹೋಗುತ್ತೀರಿ ಎಂದು ಚೀಟಿಯಲ್ಲಿ ಬರೆದು ಮನೆಯಲ್ಲಿ ಕೊಡಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟಿನ ಅವಶೇಷ ಮಾಲ್ವಣದ ಕಡಲಲ್ಲಿ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಅದರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ಹುಡುಕುವವರಿಗೆ ಎಲ್ಲಿಂದ ಶುರುಮಾಡಬೇಕು ಎಂದಾದರೂ ತಿಳಿದಿರಲಿ.

• ಯಂತ್ರವಿದೆ ಎಂದು ದಿಕ್ಸೂಚಿ ಎಸೆಯಬೇಡಿ, ದಡದ ಗುಡ್ಡ ನೋಡಿ ಜಾಗ ಹೇಳುವುದನ್ನು ಮರೆಯಬೇಡಿ. ಹತ್ತು ರೂಪಾಯಿಯ ಫ್ಯೂಸು ಹೋದರೂ ಜಿಪಿಎಸ್ ಕುರುಡು. ಎರಡು ಫ್ಯೂಸು ಡಬ್ಬಿಯಲ್ಲಿ ಹಾಕಿಡಿ.

• ಉಪ್ಪು ಕೂತ ಪರದೆಯನ್ನು ಲುಂಗಿಯಲ್ಲಿ ಉಜ್ಜಬೇಡಿ, ಗೀಚು ಬೀಳುತ್ತದೆ. ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಒರೆಸಿ.

• ಜೂನ್ 1ಕ್ಕೆ ಬೋಟು ಮೇಲೆ ಬಂದ ಕೂಡಲೇ ಯಂತ್ರ ಬಿಚ್ಚಿ ಮನೆಗೆ ತನ್ನಿ. ರಜೆ ಜುಲೈ 31ರವರೆಗೆ ಇದೆ, ಮಳೆಯಲ್ಲಿ ಕೂತು ಪಾಯಿಂಟುಗಳನ್ನೆಲ್ಲ ನೋಟುಬುಕ್ಕಿಗೆ ಇಳಿಸಿ. ಯಂತ್ರ ಕೆಟ್ಟರೆ ಹೊಸದು ಸಿಗುತ್ತದೆ, ನಿಮ್ಮ ಕಲ್ಲುಗಳ ಲೆಕ್ಕ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.