ಹಳೆಯ ನಲ್ಲಿಗೆ 2,280 ರೂಪಾಯಿ

ಅಡುಗೆಮನೆಯ ಹಳೆಯ ನಲ್ಲಿಯ ರಿಪೇರಿಗೆ ಕಳೆದ ತಿಂಗಳು 2,280 ರೂಪಾಯಿ ಕೊಟ್ಟೆ. ಅದೇ ಕಂಪನಿಯ ಹೊಸ ನಲ್ಲಿಗೆ ಅಂಗಡಿಯಲ್ಲಿ 4,200 ರೂಪಾಯಿ. ‘ಇನ್ನೆರಡು ಸಾವಿರ ಸೇರಿಸಿದ್ದರೆ ಹೊಸದೇ ಬರುತ್ತಿತ್ತಲ್ಲ’ ಎಂದು ಮನೆಯವರು ಅಂದರು, ಅತ್ತೆ ಅಂದರು, ಎದುರು ಮನೆಯವರೂ ಅಂದರು. ರಿಪೇರಿಯ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಹೊಸದನ್ನೇ ತೆಗೆದುಕೊಳ್ಳಬೇಕು ಎಂಬ ಸೂತ್ರ ನಮ್ಮಲ್ಲಿ ಬಹಳ ಮನೆಗಳಲ್ಲಿ ಚಾಲ್ತಿಯಲ್ಲಿದೆ. ಮಿಕ್ಸಿಗೆ, ಫ್ಯಾನಿಗೆ ಅದು ಸರಿಹೋಗುತ್ತದೆ. ನಲ್ಲಿಗೆ ಸರಿಹೋಗುವುದಿಲ್ಲ. ಏಕೆ ಎಂಬುದನ್ನು ರೂಪಾಯಿ ಲೆಕ್ಕದಲ್ಲೇ ತೋರಿಸುತ್ತೇನೆ.

ನಮ್ಮದು ಬೆಂಗಳೂರಿನ ನಾಲ್ಕು ಮಹಡಿಯ ಕಟ್ಟಡದಲ್ಲಿ ಎರಡನೇ ಮಹಡಿಯ ಮನೆ. ನೀರು ಹೆಚ್ಚಾಗಿ ಬೋರ್‌ವೆಲ್‌ನದು, ಬೇಸಿಗೆಯಲ್ಲಿ ಟ್ಯಾಂಕರ್‌ನದು. ಪರೀಕ್ಷೆ ಮಾಡಿಸಿದಾಗ ಗಡಸುತನ ಲೀಟರಿಗೆ 400 ಮಿಲಿಗ್ರಾಂ ಬಂತು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಅದು 200ರೊಳಗೆ ಇರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಇಂಥ ನೀರು ಹರಿದಲ್ಲೆಲ್ಲ ಬಿಳಿಯ ಉಪ್ಪು ಕಟ್ಟುತ್ತದೆ. ಪಾತ್ರೆಯ ತಳದಲ್ಲಿ ಕಟ್ಟಿದ್ದು ಕಣ್ಣಿಗೆ ಬೀಳುತ್ತದೆ, ಪೈಪಿನೊಳಗೆ ಕಟ್ಟಿದ್ದು ಬೀಳುವುದಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟ್, ಹೋಟೆಲ್, ವಾಣಿಜ್ಯ ಕಟ್ಟಡಗಳಿಗೆಲ್ಲ ನಲ್ಲಿಯ ಬಾಯಿಗೆ ಹಾಕುವ, ನೀರನ್ನು ಮಿತವಾಗಿ ಬಿಡುವ ಏರೇಟರ್ ಕಡ್ಡಾಯ ಮಾಡಿದಾಗ ನಮ್ಮ ಕಟ್ಟಡದ ಸಂಘದವರೂ ಎಲ್ಲ ಮನೆಗಳಿಗೆ ಹಾಕಿಸಿದರು. ಒಳ್ಳೆಯ ಕೆಲಸವೇ. ಆದರೆ ಏರೇಟರ್‌ನ ಸಣ್ಣ ಜಾಲರಿಯನ್ನು ಆಗಾಗ ಬಿಚ್ಚಿ ತೊಳೆಯಬೇಕೆಂದು ಯಾರೂ ಯಾರಿಗೂ ಹೇಳಲಿಲ್ಲ. ಕ್ರಮೇಣ ಮನೆಮನೆಯ ಸಿಂಕಿನಲ್ಲೂ ನೀರು ಸಣ್ಣಗಾಯಿತು, ಒಬ್ಬೊಬ್ಬರಾಗಿ ಹೊಸ ನಲ್ಲಿ ಕೊಂಡರು.

ನಮ್ಮ ಪ್ಲಂಬರ್ ಬಂದು ನೋಡಿ, ‘ಮೇಡಂ, ಇದರ ಆಯಸ್ಸು ಮುಗೀತು. ಹೊಸದು ಹಾಕ್ಸಿಬಿಡಿ, ಅರ್ಧ ಗಂಟೆ ಕೆಲಸ’ ಎಂದರು. ನಾನು ಒಂದು ಲೀಟರಿನ ಅಳತೆ ಜಗ್ ತಂದು, ಮೊದಲು ಅಳೆಯೋಣ ಎಂದೆ. ನಲ್ಲಿ ಪೂರ್ತಿ ತಿರುಗಿಸಿದಾಗ ಜಗ್ ತುಂಬಲು 40 ಸೆಕೆಂಡ್, ಅಂದರೆ ನಿಮಿಷಕ್ಕೆ ಒಂದೂವರೆ ಲೀಟರ್. ಏರೇಟರ್ ಬಿಚ್ಚಿದ ಮೇಲೆ 24 ಸೆಕೆಂಡ್, ನಿಮಿಷಕ್ಕೆ ಎರಡೂವರೆ ಲೀಟರ್. ಆಮೇಲೆ ಸಿಂಕಿನ ಕೆಳಗೆ ಕನೆಕ್ಷನ್ ಪೈಪ್ ಕಳಚಿ, ಆಂಗಲ್ ಕಾಕ್ ಅನ್ನು ನೇರ ಬಕೆಟ್ಟಿಗೆ ಬಿಟ್ಟೆವು. 15 ಸೆಕೆಂಡ್, ನಿಮಿಷಕ್ಕೆ 4 ಲೀಟರ್. ಅದೇ ಟ್ಯಾಂಕಿನ ನೀರು ಬರುವ ಬಚ್ಚಲಿನ ನಲ್ಲಿಯಲ್ಲಿ 6 ಸೆಕೆಂಡ್, ನಿಮಿಷಕ್ಕೆ 10 ಲೀಟರ್.

ಈ ನಾಲ್ಕು ಅಂಕಿಗಳಲ್ಲೇ ಉತ್ತರವಿದೆ. ಹತ್ತು ಲೀಟರ್ ಬರಬೇಕಾದ ಕಡೆ ನಾಲ್ಕಕ್ಕೆ ಇಳಿಸಿದ್ದು ಗೋಡೆಯಲ್ಲಿರುವ ಆಂಗಲ್ ಕಾಕ್. ನಾಲ್ಕನ್ನು ಎರಡೂವರೆಗೆ ಇಳಿಸಿದ್ದು ಕನೆಕ್ಷನ್ ಪೈಪ್ ಮತ್ತು ನಲ್ಲಿಯೊಳಗೆ ನೀರನ್ನು ತೆರೆದು ಮುಚ್ಚುವ ಸ್ಪಿಂಡಲ್. ಉಳಿದ ಒಂದು ಲೀಟರನ್ನು ತಡೆದದ್ದು ಏರೇಟರ್. ಪ್ಲಂಬರ್ ಮಾತು ಕೇಳಿ ನಲ್ಲಿಯೊಂದನ್ನೇ ಬದಲಿಸಿದ್ದರೆ, ಎಷ್ಟೇ ದುಬಾರಿ ನಲ್ಲಿಯಾಗಿದ್ದರೂ, ಆಂಗಲ್ ಕಾಕ್ ಬಿಡುವ ನಾಲ್ಕು ಲೀಟರಿಗಿಂತ ಒಂದು ಹನಿಯೂ ಹೆಚ್ಚು ಬರುತ್ತಿರಲಿಲ್ಲ. ಹೊಸ ಏರೇಟರಿನ ತಡೆಯೂ ಸೇರಿದರೆ ಇನ್ನೂ ಕಡಿಮೆ. 4,200 ಕೊಟ್ಟ ಮೇಲೆ ಆಂಗಲ್ ಕಾಕ್‌ಗೆಂದು ಇನ್ನೊಮ್ಮೆ ಪ್ಲಂಬರ್ ಕರೆಸಿ, ಇನ್ನೊಮ್ಮೆ ಕೂಲಿ ಕೊಡಬೇಕಿತ್ತು.

ನಾವು ಬದಲಿಸಿದ್ದು ಇಷ್ಟು: ಸ್ಪಿಂಡಲ್ 780, ಏರೇಟರ್ 160, ಆಂಗಲ್ ಕಾಕ್ 480, ಕನೆಕ್ಷನ್ ಪೈಪ್ 260, ಕೂಲಿ 600. ಒಟ್ಟು 2,280. ಇದನ್ನು 4,200ರ ಪಕ್ಕ ಇಟ್ಟು ‘ಅರ್ಧ ದಾಟಿತು’ ಅನ್ನುವವರು ಎರಡು ಬೇರೆ ಬೇರೆ ವಸ್ತುಗಳನ್ನು ತೂಗುತ್ತಿದ್ದಾರೆ. ಒಂದು ಕಡೆ ಮುಗಿದ ಕೆಲಸದ ಖರ್ಚು, ಇನ್ನೊಂದು ಕಡೆ ಡಬ್ಬಿಯಲ್ಲಿರುವ ನಲ್ಲಿಯ ಬೆಲೆ. ಹೊಸ ನಲ್ಲಿ ಹಾಕಿಸಿದರೂ ಆಂಗಲ್ ಕಾಕ್ ಬೇಕು, ಕನೆಕ್ಷನ್ ಪೈಪ್ ಬೇಕು, ಕೂಲಿ ಬೇಕು. ಆ ಮೂರೂ ಸೇರಿ 1,340. ಅಂದರೆ ಹೊಸದರ ನಿಜವಾದ ಖರ್ಚು 5,540. ಎರಡೂ ಕಡೆ ಇರುವ 1,340 ನಿರ್ಧಾರಕ್ಕೆ ಸಂಬಂಧಪಡದ ಹಣ, ಅದನ್ನು ಹೊಡೆದುಹಾಕಿ. ಈಗ ಉಳಿಯುವುದು ಸ್ಪಿಂಡಲ್ ಮತ್ತು ಏರೇಟರಿನ 940 ಒಂದು ಕಡೆ, ನಲ್ಲಿಯ 4,200 ಇನ್ನೊಂದು ಕಡೆ. ಅರ್ಧ ಎಲ್ಲಿ ಬಂತು? ಕಾಲು ಭಾಗವೂ ಇಲ್ಲ, ಶೇ 22ರ ಸುತ್ತಮುತ್ತ.

ಆದರೆ ಹೊಸದು ಹೆಚ್ಚು ವರ್ಷ ಬಾಳುತ್ತದಲ್ಲ, ಸವಕಳಿ ನೋಡಬೇಡವೇ ಎಂದು ಮನೆಯವರು ಕೇಳಿದರು. ನೋಡೋಣ. ನಮ್ಮ ನೀರಿಗೆ ಹೊಸ ಸ್ಪಿಂಡಲ್, ಏರೇಟರ್ ಮೂರೇ ವರ್ಷ ಬಂತು ಅಂದುಕೊಳ್ಳಿ. 940ನ್ನು ಮೂರರಿಂದ ಭಾಗಿಸಿದರೆ ವರ್ಷಕ್ಕೆ 313 ರೂಪಾಯಿ. ಈ ದರಕ್ಕೆ ಸರಿಗಟ್ಟಬೇಕಾದರೆ 4,200ರ ನಲ್ಲಿ ಏನೂ ಖರ್ಚಿಲ್ಲದೆ 13 ವರ್ಷ ದಾಟಬೇಕು. ಅದರೊಳಗಿನ ಸ್ಪಿಂಡಲ್‌ಗೂ ಬರುವುದು ಇದೇ ಬೋರ್‌ವೆಲ್‌ನ ನೀರು. ಮೂರ‍್ನಾಲ್ಕು ವರ್ಷಕ್ಕೆ ಅದಕ್ಕೂ ಇದೇ 940 ರೂಪಾಯಿಯ ಚಿಕಿತ್ಸೆ ಬೇಕಾಗುತ್ತದೆ. ಹಿತ್ತಾಳೆಯ ಮೈ ಸವೆಯುವುದು ಬಹಳ ನಿಧಾನ, ಸವೆಯುವುದು ಒಳಗಿನ ಬಿಡಿಭಾಗ. ಹಾಗಾಗಿ ಹೊಸ ನಲ್ಲಿಗೆ ಕೊಡುವ 4,200ರಲ್ಲಿ ದೊಡ್ಡ ಪಾಲು, ನಮ್ಮ ಬಳಿ ಗಟ್ಟಿಯಾಗಿಯೇ ಇರುವ ಹಿತ್ತಾಳೆಯನ್ನು ಇನ್ನೊಮ್ಮೆ ಕೊಳ್ಳಲು ಹೋಗುತ್ತದೆ. ಉಳಿದ 3,260 ರೂಪಾಯಿ ಶೇ 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ 228 ರೂಪಾಯಿ ಬಡ್ಡಿ. ಸ್ಪಿಂಡಲ್, ಏರೇಟರ್‌ಗಳ ವಾರ್ಷಿಕ ಖರ್ಚಿನ ಮುಕ್ಕಾಲು ಪಾಲಿಗೆ ಸ್ವಲ್ಪವೇ ಕಡಿಮೆ. ಮೊತ್ತ ಸಣ್ಣದು, ಒಪ್ಪುತ್ತೇನೆ. ಮನೆಯಲ್ಲಿ ಹೀಗೆ ತೀರ್ಮಾನವಾಗುವ ವಸ್ತು ನಲ್ಲಿ ಒಂದೇ ಅಲ್ಲವಲ್ಲ.

ರಿಪೇರಿಯ ನಂತರ, ಏರೇಟರ್ ಹಾಕಿಕೊಂಡೇ, ಜಗ್ 15 ಸೆಕೆಂಡಿಗೆ ತುಂಬುತ್ತಿದೆ. ಪಾತ್ರೆ ತೊಳೆಯಲು ನಿಮಿಷಕ್ಕೆ 4 ಲೀಟರ್ ಧಾರಾಳ ಸಾಕು. ಏರೇಟರ್ ಕಿತ್ತೆಸೆದು 10 ಲೀಟರ್ ಹರಿಸುವುದು ರಿಪೇರಿಯಲ್ಲ. ಟ್ಯಾಂಕರ್ ನೀರಿಗೆ ದುಡ್ಡು ಕೊಡುವವರು ಅದನ್ನಂತೂ ಮಾಡಲೇಬಾರದು.

ನಲ್ಲಿ ಬದಲಿಸಲೇಬೇಕಾದ ಸಂದರ್ಭಗಳೂ ಇವೆ. ಮೈಯಲ್ಲೇ ಬಿರುಕು ಬಿಟ್ಟು ಜಿನುಗುತ್ತಿದ್ದರೆ, ಸ್ಪಿಂಡಲ್ ಕೂರುವ ಥ್ರೆಡ್ ಸವೆದಿದ್ದರೆ, ಬಿಡಿಭಾಗ ಸಿಗದಿದ್ದರೆ ಹೊಸದೇ ಸರಿ. ಕ್ರೋಮ್ ಎದ್ದ ಕಡೆ ಹಳದಿ ಹಿತ್ತಾಳೆಯ ಬದಲು ಬೂದು ಲೋಹ ಕಂಡರೆ ಅದರ ಮೇಲೆ ದುಡ್ಡು ಸುರಿಯಬೇಡಿ. ಆದರೆ ಬಿಡಿಭಾಗ ಸಿಗುವುದಿಲ್ಲ ಎಂದು ಬಡಾವಣೆಯ ಅಂಗಡಿಯವರು ಹೇಳಿದರೆ ಅದನ್ನೇ ಕೊನೆಯ ಮಾತು ಅಂದುಕೊಳ್ಳಬೇಡಿ. ನನ್ನ ಸ್ಪಿಂಡಲ್ ಸಿಕ್ಕಿದ್ದು ಎಸ್.ಜೆ.ಪಿ. ರಸ್ತೆಯಲ್ಲಿ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಹೋಗಿದ್ದರಿಂದ ಅಳತೆಯ ಗೊಂದಲವೇ ಬರಲಿಲ್ಲ.

ಮೈಸೂರಿನಲ್ಲಿರುವ ನಮ್ಮ ಅಕ್ಕನ ಮನೆಯ ಕಥೆ ಇದಕ್ಕಿಂತ ದುಬಾರಿ. ಅವರದು ಮೇಲಿನ ಮಹಡಿ, ತಲೆಯ ಮೇಲೆಯೇ ಟ್ಯಾಂಕ್. ನೀರು ಸಣ್ಣಗೆ ಬರುತ್ತದೆಂದು ಭಾವ, ಕುತ್ತಿಗೆ ಎಳೆದರೆ ಉದ್ದವಾಗುವ, ಒತ್ತಿದರೆ ಶವರಿನಂತೆ ಸುರಿಯುವ ನಲ್ಲಿಯನ್ನು 11,000 ಕೊಟ್ಟು ತಂದರು. ಟ್ಯಾಂಕಿನ ನೀರಿಗೆ ಹತ್ತು ಮೀಟರ್ ಎತ್ತರ ಸಿಕ್ಕರೆ ಸುಮಾರು ಒಂದು ಬಾರ್ ಒತ್ತಡ. ಅಕ್ಕನ ಮನೆಯಲ್ಲಿ ನಲ್ಲಿಗೂ ಟ್ಯಾಂಕಿಗೂ ಇರುವ ಅಂತರ ಎರಡೂವರೆ ಮೀಟರ್, ಅಂದರೆ ಕಾಲು ಬಾರ್. ಹೊಸ ನಲ್ಲಿಯ ಡಬ್ಬಿಯ ಮೇಲೆ ಕನಿಷ್ಠ ಒಂದು ಬಾರ್ ಬೇಕೆಂದು ಸಣ್ಣ ಅಕ್ಷರದಲ್ಲಿತ್ತು. ಹಳೆಯ ನಲ್ಲಿಗಿಂತಲೂ ಕಡಿಮೆ ನೀರು ಬಂತು. ಈಗ ಪ್ರೆಷರ್ ಪಂಪ್ ಹಾಕಿಸುವ ಮಾತು ನಡೆದಿದೆ. ನಿಮ್ಮದು ಎಷ್ಟನೇ ಮಹಡಿ ಎಂದು ಕೇಳದೆ ಇಂಥ ನಲ್ಲಿ ಮಾರುವ ಅಂಗಡಿಯಲ್ಲಿ ಒಂದು ವಾಷರ್ ಕೂಡ ಕೊಳ್ಳಬಾರದು.

ಇನ್ನು ನಲ್ಲಿಯ ಬಾಯಿಗೆ ಸಿಕ್ಕಿಸುವ ‘ಹಾರ್ಡ್ ವಾಟರ್ ಫಿಲ್ಟರ್’. ಇದರ ಜಾಹೀರಾತು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಗಡಸು ನೀರನ್ನು ಮೃದು ಮಾಡುವ ನಂಬಿಕಸ್ಥ ದಾರಿ ರೆಸಿನ್. ಅದು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ, ತುಂಬಿದ ಮೇಲೆ ಉಪ್ಪುನೀರಿನಲ್ಲಿ ತೊಳೆದು ಮತ್ತೆ ಸಜ್ಜುಗೊಳಿಸಬೇಕು. ಒಂದು ಲೀಟರ್ ರೆಸಿನ್ ಒಂದು ಸುತ್ತಿನಲ್ಲಿ ಹಿಡಿಯುವ ಗಡಸುತನ ಅಂದಾಜು 50 ಗ್ರಾಂ. ಮುಷ್ಟಿ ಗಾತ್ರದ ಫಿಲ್ಟರಿನಲ್ಲಿ 200 ಮಿಲಿ ರೆಸಿನ್ ತುಂಬಿದ್ದಾರೆಂದೇ ಉದಾರವಾಗಿ ಇಟ್ಟುಕೊಳ್ಳಿ, ಅದು ಹಿಡಿಯುವುದು 10 ಗ್ರಾಂ. ನಮ್ಮ ನೀರಿನಲ್ಲಿ ಲೀಟರಿಗೆ 0.4 ಗ್ರಾಂ. ಇಪ್ಪತ್ತೈದು ಲೀಟರಿಗೆ ಅದರ ಕಥೆ ಮುಗಿಯಿತು. ಬೆಳಗಿನ ಪಾತ್ರೆ ತೊಳೆಯುವಷ್ಟರಲ್ಲಿ ಮುಗಿಯುವ ವಸ್ತುವನ್ನು ಮೂರು ತಿಂಗಳು ಬಾಳುತ್ತದೆಂದು ಮಾರುವುದು ಮೋಸ. ಮೇಲಾಗಿ ಅದರಿಂದ ನೀರಿನ ಹರಿವು ಇನ್ನಷ್ಟು ಕುಗ್ಗುತ್ತದೆ. ಇದನ್ನು ಕೊಳ್ಳಬೇಡಿ, ಕೊಳ್ಳುವವರು ಕಂಡರೆ ತಡೆಯಿರಿ. ಇಡೀ ಕಟ್ಟಡಕ್ಕೆ ಸಂಘದವರು ಸಾಫ್ಟನರ್ ಹಾಕಿಸುವುದಾದರೆ ಅದು ಬೇರೆ ವಿಷಯ, ಅದರ ಲೆಕ್ಕವೂ ಬೇರೆ.

ಪ್ಲಂಬರ್‌ಗಳ ಬಗ್ಗೆಯೂ ಒಂದು ಮಾತು ಹೇಳಬೇಕು. ಹೊಸ ನಲ್ಲಿ ಕೊಡಿಸಿದರೆ ಅಂಗಡಿಯಿಂದ ಅವರಿಗೆ ಕಮಿಷನ್ ಸಿಗುವುದು ಗುಟ್ಟೇನಲ್ಲ. ಸ್ಪಿಂಡಲ್ ಬಿಚ್ಚಿ, ಉಪ್ಪು ಕೆರೆದು, ಸಿಂಕಿನ ಕೆಳಗೆ ಮಲಗಿ ಆಂಗಲ್ ಕಾಕ್ ತೆಗೆಯುವುದು ದುಪ್ಪಟ್ಟು ಕೆಲಸ. ಅದಕ್ಕೆ ನಾವು ಕೊಡುವುದು ಮಾತ್ರ ಕಡಿಮೆ, ‘ರಿಪೇರಿ ತಾನೇ’ ಎಂದು ಚೌಕಾಸಿ ಮಾಡಿ. ಹೀಗಿರುವಾಗ ಅವರು ಹೊಸದನ್ನೇ ಹಾಕಿಸಿ ಅನ್ನುವುದರಲ್ಲಿ ಆಶ್ಚರ್ಯವೇನು? ನಮ್ಮ ಪ್ಲಂಬರ್ 400 ಕೇಳಿದರು, ನಾನು 600 ಕೊಟ್ಟೆ. ಆ ಇನ್ನೂರು ರೂಪಾಯಿ ಈ ಇಡೀ ಲೆಕ್ಕದಲ್ಲಿ ಅತ್ಯಂತ ಲಾಭದ ಖರ್ಚು ಎಂದು ನಂಬಿದ್ದೇನೆ. ಮುಂದಿನ ಸಲ ಅವರು ಬಂದು ನಿಜವಾಗಿ ಏನು ಕೆಟ್ಟಿದೆ ಎಂದು ಹೇಳುತ್ತಾರೆ. ರಿಪೇರಿ ಮಾಡುವ ಕೈಗೆ ಸರಿಯಾದ ಕೂಲಿ ಕೊಡದ ಮನೆಗಳಲ್ಲಿ ರಿಪೇರಿ ಎಂಬ ವಿದ್ಯೆಯೇ ಉಳಿಯುವುದಿಲ್ಲ. ಆಮೇಲೆ ಎಲ್ಲವನ್ನೂ ಹೊಸದಾಗಿಯೇ ಕೊಳ್ಳಬೇಕಾಗುತ್ತದೆ.

ನಲ್ಲಿಯ ಬಿಲ್ಲು, ವಾರಂಟಿ ಕಾರ್ಡುಗಳನ್ನು ಗೃಹಪ್ರವೇಶದ ಗಡಿಬಿಡಿಯಲ್ಲೇ ಕಳೆದುಕೊಳ್ಳುತ್ತೇವೆ. ಅವನ್ನು ವಿಮೆಯ ಕಾಗದಗಳ ಜೊತೆಯಲ್ಲೇ ಇಡಿ, ಮಾಡೆಲ್ ನಂಬರ್ ಇದ್ದರೆ ಸ್ಪಿಂಡಲ್ ಹುಡುಕುವುದು ಸುಲಭ. ಆಂಗಲ್ ಕಾಕ್ ಅನ್ನು ವರ್ಷಗಟ್ಟಲೆ ಮುಟ್ಟದೆ ಬಿಟ್ಟರೆ ಉಪ್ಪು ಹಿಡಿದು ಜಾಮ್ ಆಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಪೂರ್ತಿ ಮುಚ್ಚಿ ತೆರೆಯಿರಿ. ಬಚ್ಚಲು ತೊಳೆಯುವ ಆಸಿಡ್ ಅನ್ನು ನಲ್ಲಿಗೆ ತಾಗಿಸಬೇಡಿ. ಉಪ್ಪಿನ ಜೊತೆ ಕ್ರೋಮ್ ಕೂಡ ಹೋಗುತ್ತದೆ.

ನಿಮ್ಮ ಸಿಂಕಿನಲ್ಲೂ ನೀರು ಸಣ್ಣಗೆ ಬರುತ್ತಿದ್ದರೆ ಅಂಗಡಿಗೆ ಹೋಗುವ ಮೊದಲು ಏರೇಟರ್ ಬಿಚ್ಚಿ, ಸಮಪಾಲು ವಿನೆಗರ್ ಮತ್ತು ನೀರಿನಲ್ಲಿ ಒಂದೆರಡು ಗಂಟೆ ನೆನೆಸಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಇಕ್ಕಳದ ಹಲ್ಲು ತಾಗಿ ಗೀರು ಬೀಳದಂತೆ ಬಟ್ಟೆ ಸುತ್ತಿ ಹಿಡಿಯಿರಿ. ಬಿಚ್ಚುವ ಮುನ್ನ ಸಿಂಕಿನ ತೂತನ್ನು ಮರೆಯದೆ ಮುಚ್ಚಿ, ಒಳಗಿನ ರಬ್ಬರ್ ವಾಷರ್ ಜಾರಿ ಬಿದ್ದರೆ ಸಿಗುವುದಿಲ್ಲ.