ವರ್ಷದ ಹಣ ಕಟ್ಟುವ ಮುನ್ನ

ಮನೆ ಹತ್ತಿರ ಈಜುಕೊಳ, ಬ್ಯಾಡ್ಮಿಂಟನ್, ಜಿಮ್ ಮೂರೂ ಇರುವ ಕೇಂದ್ರ ತೆರೆದಿದೆ, ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಭಾರಿ ರಿಯಾಯಿತಿಯಂತೆ, ಸೇರಬಹುದೇ ಎಂದು ಬೆಂಗಳೂರಿನ ಓದುಗರೊಬ್ಬರು ಕೇಳಿದ್ದಾರೆ.

ಸೇರಬಹುದು. ಆದರೆ ಹಗಲು ಹನ್ನೊಂದಕ್ಕೆ ಹೋದರೆ ಯಾವ ಕೇಂದ್ರವೂ ಚೆನ್ನಾಗಿಯೇ ಕಾಣುತ್ತದೆ. ಅವರು ಸಂಜೆ ಏಳಕ್ಕೆ ಹೋಗಿ ನೋಡಲಿ. ಸದಸ್ಯರಿಗೆ ಕೋರ್ಟ್ ಸಿಗುತ್ತಿದೆಯೇ, ಕೋಚಿಂಗ್ ಬ್ಯಾಚುಗಳೇ ಎಲ್ಲ ಸ್ಲಾಟ್ ನುಂಗಿವೆಯೇ ಎಂಬುದು ಆಗ ತಿಳಿಯುತ್ತದೆ. ಬ್ಯಾಡ್ಮಿಂಟನ್ ಕೋರ್ಟಿನ ಅಳತೆ 13.4 ಮೀಟರ್ ಉದ್ದ, 6.1 ಮೀಟರ್ ಅಗಲ. ಅದು ಸರಿಯಿದ್ದರೆ ಸಾಲದು. ಮ್ಯಾಟಿನ ಕೆಳಗೆ ಮರದ ಹಾಸು ಇರಬೇಕು. ಬರೀ ಸಿಮೆಂಟ್ ಆದರೆ ನಲವತ್ತು ದಾಟಿದವರ ಮಂಡಿಗೆ ಕಷ್ಟ. ಕೊಳದ ತಳದ ಗೆರೆ ಸ್ಪಷ್ಟವಾಗಿ ಕಾಣಬೇಕು, ನೀರಿನ ಪಿಎಚ್ 7.2ರಿಂದ 7.8ರೊಳಗಿರಬೇಕು. ಕಣ್ಣುರಿಸುವ ಘಾಟನ್ನು ಹಲವರು ಶುಚಿತ್ವದ ಗುರುತೆಂದು ನಂಬುತ್ತಾರೆ! ಬೆವರು, ಮೂತ್ರದೊಂದಿಗೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮೈನ್ ಅದು.

ಹಲವು ಆಟ ಒಂದೆಡೆ ಇರುವುದು ಅನುಕೂಲವೇ. ಯಲಹಂಕದ ಪಡುಕೋಣೆ-ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ಈಜು, ಬ್ಯಾಡ್ಮಿಂಟನ್, ಕ್ರಿಕೆಟ್ ಒಂದೇ ಆವರಣದಲ್ಲಿವೆ. ಇಂಥ ಕಡೆ ಮಗಳು ಈಜು ಕಲಿಯುವಷ್ಟರಲ್ಲಿ ಅಪ್ಪ ಎರಡು ಗೇಮ್ ಮುಗಿಸಬಹುದು. ಭಾನುವಾರದ ಡಬಲ್ಸ್‌ಗೆ ಹೊಸಬರನ್ನೂ ಕರೆದು ಜೋಡಿ ಮಾಡುವ ರೂಢಿಯಿದ್ದರಂತೂ ಜನ ಬಿಟ್ಟುಹೋಗುವುದು ಕಡಿಮೆ. ಎಸಿ, ಜ್ಯೂಸ್ ಕೌಂಟರ್ ಆಮೇಲಿನ ಮಾತು.

ಮೊದಲು ಮೂರು ತಿಂಗಳಿಗಷ್ಟೇ ಕಟ್ಟುವುದು ಲೇಸು. ಊರು ಬದಲಾದರೆ, ಕಾಲು ಉಳುಕಿದರೆ ಸದಸ್ಯತ್ವ ತಡೆಹಿಡಿಯುವ ಷರತ್ತು ಲಿಖಿತವಾಗಿರಲಿ. ಜಿಮ್ ಸೇವೆಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ರಸೀದಿಯಲ್ಲಿ ಅದನ್ನೂ ನೋಡಿಕೊಳ್ಳಲಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.