ನಾಲ್ಕು ದಿನದ ಅಂಗಡಿಗೂ ಅನುಮತಿ ಬೇಕು

ಕಾರ್ತಿಕ ಮಾಸ ಬರಲಿ, ವರಮಹಾಲಕ್ಷ್ಮಿ ಹಬ್ಬ ಬರಲಿ, ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿಯ ದೇವಸ್ಥಾನಕ್ಕೆ ಜನ ತುಂಬಿ ಬರುತ್ತಾರೆ. ಹೂವು, ತೆಂಗಿನಕಾಯಿ, ಬಳೆ, ಕಡ್ಲೆಪುರಿ, ಆಟದ ಸಾಮಾನುಗಳ ಅಂಗಡಿಗಳು ರಸ್ತೆಯ ಬದಿಗೆ ಏಳುತ್ತವೆ. ದರ್ಶನ ಮುಗಿಸಿದವರು ಪಕ್ಕದ ತೀತಾ ಜಲಾಶಯದ ಕಡೆ ನಡೆದರೆ ಅವರ ಹಿಂದೆಯೇ ಚುರುಮುರಿ ಗಾಡಿಯೂ ಹೋಗುತ್ತದೆ. ಬಡವರ ಹೊಟ್ಟೆಪಾಡು ಇದು, ನಡೆಯಬೇಕಾದದ್ದೇ. ಆದರೆ ನೀರಿನ ದಡದಲ್ಲಿ ಯಾರು, ಎಷ್ಟು ದಿನ ಅಂಗಡಿ ಇಡಬಹುದು ಎಂದು ತೀರ್ಮಾನ ಮಾಡಿದವರು ಯಾರು? ಊರಿನ ಯಾರು ಬೇಕಾದರೂ ಇದನ್ನು ಕೇಳಬಹುದು.

ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ‘ಸುಂಕ ಕಟ್ಟಿದ್ದೀವಲ್ಲ ಸ್ವಾಮಿ’ ಎಂದು. ಸುಂಕದ ಚೀಟಿ ಅನುಮತಿಪತ್ರವಲ್ಲ. ಸಂತೆ ಅಥವಾ ಜಾತ್ರೆಯ ಸುಂಕ ವಸೂಲಿಯನ್ನು ಹರಾಜಿನಲ್ಲಿ ಹಿಡಿದ ಗುತ್ತಿಗೆದಾರ ದುಡ್ಡು ತೆಗೆದುಕೊಂಡು ರಸೀದಿ ಕೊಡಬಹುದು. ಜಾಗ ಕೊಡುವ ಅಧಿಕಾರ ಅವನಿಗಿಲ್ಲ. ಅವನೂ ಹರಾಜಿನ ದರಪಟ್ಟಿಗಿಂತ ಒಂದು ರೂಪಾಯಿ ಹೆಚ್ಚು ಕೇಳುವಂತಿಲ್ಲ. ಆ ಪಟ್ಟಿ ತೋರಿಸಿ ಎಂದು ಪ್ರತಿ ವ್ಯಾಪಾರಿಯೂ ಕೇಳಬೇಕು.

ಮೊದಲು ಜಾಗ ಯಾರದೆಂದು ತಿಳಿಯಿರಿ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ ತೆಗೆಸಿ 9ನೇ ಕಾಲಂ ನೋಡಿ. ಕಬ್ಜೆದಾರರ ಹೆಸರು ಅಲ್ಲಿರುತ್ತದೆ. ಸರ್ಕಾರಿ ಕೆರೆ, ಗೋಮಾಳ, ಖಾಸಗಿ ಹಿಡುವಳಿ, ಯಾವುದೆಂದು ಅಲ್ಲೇ ತಿಳಿಯುತ್ತದೆ. ಜಲಾಶಯದ ಅಂಗಳ ನೀರಾವರಿಯವರದಾಗಿದ್ದರೆ, ರಸ್ತೆಯಂಚು ಲೋಕೋಪಯೋಗಿ ಇಲಾಖೆಯದಾಗಿದ್ದರೆ, ದೇವಸ್ಥಾನದ ಜಾಗವಾಗಿದ್ದರೆ, ಆಯಾ ಒಡೆತನದವರ ಒಪ್ಪಿಗೆಯಿಲ್ಲದೆ ಗ್ರಾಮ ಪಂಚಾಯಿತಿ ಹರಾಜು ಹಾಕಿದರೆ ಅದು ಊರ್ಜಿತವಾಗದು. ಕೆರೆಯಾದರೆ ಇನ್ನೂ ಬಿಗಿ. ಕೆರೆ ಸಂರಕ್ಷಣೆಗೆಂದೇ ರಾಜ್ಯದಲ್ಲಿ 2014ರ ಕಾಯ್ದೆ ಇದೆ. ಒತ್ತುವರಿಗೂ ಕಸ ಸುರಿಯುವುದಕ್ಕೂ ಅದರಲ್ಲಿ ನಿಷೇಧವಿದೆ. ಊರಿನ ಕೆರೆಕಟ್ಟೆ, ಸಾಮುದಾಯಿಕ ಜಾಗಗಳ ಒತ್ತುವರಿ ತೆರವು ಮಾಡಿಸಿ ಎಂದು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ. ಸಮುದ್ರತೀರಕ್ಕೂ ಇಂಥದೇ ಕಟ್ಟು ಇದೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಪ್ರವಾಸಿಗರಿಗಾಗಿ ತಾತ್ಕಾಲಿಕ ಗುಡಿಸಲಂಗಡಿಗಳಿಗೆ ಅವಕಾಶ ಕೊಟ್ಟಿದೆ, ಆದರೆ ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ದೂರ ಇರಬೇಕೆಂದಿದೆ.

ಇನ್ನು, ತೀರ್ಮಾನ ಆಗಬೇಕಾದ್ದು ಎಲ್ಲಿ? ಚುನಾಯಿತ ಸದಸ್ಯರ ಸಭೆಯಲ್ಲಿ. ಅಧ್ಯಕ್ಷರ ಬಾಯಿಮಾತಿಗಾಗಲಿ ಪಿಡಿಒ ಅವರ ‘ಹಾಕ್ಕೊಳ್ಳಿ’ಗಾಗಲಿ ನಿರ್ಣಯದ ಬೆಲೆ ಇಲ್ಲ. ನಡಾವಳಿ ಪುಸ್ತಕದಲ್ಲಿ ಎಷ್ಟು ಅಂಗಡಿ, ಯಾವ ಜಾಗ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಕಸ ಎತ್ತುವವರು ಯಾರು ಎಂದು ಬರೆದಿರಬೇಕು. ಕೊನೆಯ ತಾರೀಖು ಬರೆಯದ ಅನುಮತಿ ಅಪಾಯದ್ದು. ನಾಲ್ಕು ಕಂಬ, ಒಂದು ಟಾರ್ಪಾಲು ಎಂದು ಶುರುವಾದದ್ದು ತಗಡಿನ ಶೆಡ್ಡಾಗಿ, ಆಮೇಲೆ ಇಟ್ಟಿಗೆ ಗೋಡೆಯಾಗಿ, ಕರೆಂಟಿನ ಮೀಟರೂ ಬಂದು ಕೂತುಬಿಡುತ್ತದೆ. ಆಗ ತೆಗೆಸಹೊರಟರೆ ಕಣ್ಣೀರು, ಜಗಳ, ಕೋರ್ಟು.

ಈ ನಿರ್ಣಯದ ಪ್ರತಿ ಪಡೆಯುವ ದಾರಿ ಮಾಹಿತಿ ಹಕ್ಕು. ನಮೂನೆ ‘ಎ’, 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಅನುಮತಿ ಕೊಟ್ಟಿರಿ’ ಎಂದು ಬರೆದರೆ ಉತ್ತರ ಸಿಗುವುದಿಲ್ಲ. ಹೀಗೆ ಬರೆಯಿರಿ: ‘ಈ ವರ್ಷದ ಜಾತ್ರೆಯ ತಾತ್ಕಾಲಿಕ ಅಂಗಡಿಗಳ ಬಗ್ಗೆ ಪಂಚಾಯಿತಿ ಕೈಗೊಂಡ ನಿರ್ಣಯ, ಸುಂಕದ ಹರಾಜಿನ ಷರತ್ತು ಹಾಗೂ ದರಪಟ್ಟಿ, ಜಾಗದ ಇಲಾಖೆ ಕೊಟ್ಟ ಒಪ್ಪಿಗೆ ಪತ್ರ, ಇವುಗಳ ದೃಢೀಕೃತ ಪ್ರತಿ ಕೊಡಿ.’ ಉತ್ತರಕ್ಕೆ 30 ದಿನ ಗಡುವು. ಬಾರದಿದ್ದರೆ ಮೊದಲ ಮೇಲ್ಮನವಿ. ಅಂಥ ನಿರ್ಣಯವೇ ಇಲ್ಲವೆಂದು ಲಿಖಿತವಾಗಿ ಬಂದರೆ ಅದೇ ನಿಮ್ಮ ಕೈಯಲ್ಲಿರುವ ಬಲವಾದ ಸಾಕ್ಷಿ. ಗ್ರಾಮಸಭೆಯಲ್ಲಿ ಅದನ್ನು ಓದಿ, ನಿಮ್ಮ ಮಾತು ನಡಾವಳಿಗೆ ಸೇರುವಂತೆ ನೋಡಿಕೊಳ್ಳಿ.

ವ್ಯಾಪಾರಿಯ ಹಕ್ಕೂ ಇಷ್ಟೇ ಮುಖ್ಯ. ರಸ್ತೆಬದಿ ವ್ಯಾಪಾರ ಸಂವಿಧಾನದ 19(1)(ಜಿ) ವಿಧಿಯೊಳಗೆ ಬರುತ್ತದೆಂದು 1989ರಲ್ಲೇ ಸೋದಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. ಇಂಥದೇ ಜಾಗ ಶಾಶ್ವತವಾಗಿ ತನಗೆ ಬೇಕೆನ್ನುವಂತಿಲ್ಲ ಎಂದೂ ಹೇಳಿದೆ. ಕೊರಟಗೆರೆ ಪಟ್ಟಣದೊಳಗೆ ಗಾಡಿ ನಿಲ್ಲಿಸುವವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆ ಇದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಎಬ್ಬಿಸುವಂತಿಲ್ಲ. ಎಬ್ಬಿಸಬೇಕಾದಾಗಲೂ 30 ದಿನದ ನೋಟಿಸ್ ಬೇಕು. ಸಾಮಾನು ಜಪ್ತಿ ಮಾಡಿದರೆ ಪಟ್ಟಿ ಮಾಡಿ ಪ್ರತಿ ಕೊಡಬೇಕು. ಶುಲ್ಕ ಕಟ್ಟಿ ಕೇಳಿದರೆ ಹಣ್ಣು, ಸೊಪ್ಪಿನಂಥವನ್ನು ಅಂದೇ, ಬೇರೆಯದನ್ನು ಎರಡು ಕೆಲಸದ ದಿನಗಳೊಳಗೆ ಬಿಡಬೇಕು. ಈ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು.

ಈ ಕಾಯ್ದೆ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಗೆ ಮಾಡಿದ್ದು. ಗೊರವನಹಳ್ಳಿಯಲ್ಲಿ ಹೂ ಮಾರುವ ಹೆಂಗಸಿಗೆ ಇದರ ಆಸರೆ ಇಲ್ಲ. ಹಳ್ಳಿ ಜಾತ್ರೆಯ ವ್ಯಾಪಾರಿಯನ್ನು ಕಾನೂನು ಹೀಗೆ ಹೊರಗಿಟ್ಟಿರುವುದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಅದಕ್ಕೇ ಹಳ್ಳಿಯಲ್ಲಿ ಪಂಚಾಯಿತಿ ನಿರ್ಣಯದ ಪ್ರತಿ ಆಕೆಯ ಕೈಯಲ್ಲೂ ಇರಬೇಕು. ತಿಂಡಿ ಮಾರುವವರಾದರೆ ಆಹಾರ ಸುರಕ್ಷತಾ ನೋಂದಣಿಯನ್ನೂ ಮಾಡಿಸಿಕೊಂಡಿರಲಿ.

ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಕೊರಟಗೆರೆ ನ್ಯಾಯಾಲಯದ ಆವರಣದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಹೋಗುವಾಗ ಸುಂಕದ ಚೀಟಿ, ಪಹಣಿ, ಅಂಗಡಿ ಇದ್ದ ಜಾಗದ ಫೋಟೊ ಜೊತೆಗಿರಲಿ.